ಡಾಕ್ಟ್ರಮ್ಮನ ಎರಡು ಕಾರುಗಳು

ನಮ್ಮ ಶೆಡ್ಡಿನಲ್ಲಿ ಎಂಜಿನ್ ಕೆಲಸ ಭಾವನದು, ಬಣ್ಣದ ಕೆಲಸ ನನ್ನದು. ಭಾವ ಎಂದರೆ ನನ್ನ ಅಕ್ಕನ ಗಂಡ. ಮಾತು ಕಡಿಮೆ, ಕೋಪ ಮೂಗಿನ ತುದಿಯಲ್ಲೇ. ಆದರೆ ಕಾರಿನ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ಇಪ್ಪತ್ತೆರಡು ವರ್ಷಗಳಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಗಿರಾಕಿ ಮುಖ ಊದಿಸಿಕೊಂಡು ಹೋದರೂ ಸರಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಾರೆ. ಅದಕ್ಕೇ ನನಗೆ ಅವರೆಂದರೆ ಪ್ರಾಣ. ಇದನ್ನು ಅವರ ಎದುರಿಗೆ ಹೇಳಿದರೆ ಬೈಸಿಕೊಳ್ಳುತ್ತೇನೆ.

ಹಲ್ಲಿನ ಡಾಕ್ಟ್ರಮ್ಮನ ಗಂಡನಿಗೆ ಕಾರ್ವೆಟ್ ಎಂಬ ಅಮೆರಿಕದ ಸ್ಪೋರ್ಟ್ಸ್ ಕಾರಿನ ಹುಚ್ಚು; ಹಳೆಯದೊಂದು, ಹೊಸದೊಂದು ಇಟ್ಟುಕೊಂಡಿದ್ದರು. ಹಳೆಯ ಕಾರ್ವೆಟ್ಟನ್ನು ಇಪ್ಪತ್ತು ವರ್ಷ ನೋಡಿಕೊಂಡವರು ಭಾವ. ಹೊಸ ತಲೆಮಾರಿನದನ್ನು ಕಂಪನಿಯವರೇ ನೋಡಿಕೊಳ್ಳುತ್ತಿದ್ದರು. ಹೋದ ವರ್ಷ ಆ ಪುಣ್ಯಾತ್ಮರು ತೀರಿಕೊಂಡರು. ಈಗ ಡಾಕ್ಟ್ರಮ್ಮ ಚಿಕ್ಕ ಮನೆಗೆ ಹೋಗುವವರಿದ್ದರು. ಅಲ್ಲಿ ಒಂದೇ ಕಾರಿಗೆ ಜಾಗ. ಎರಡನ್ನೂ ಶೆಡ್ಡಿಗೆ ತಂದು ನಿಲ್ಲಿಸಿದರು.

"ಯಾವುದು ಇಟ್ಕೊಳ್ಳಲಿ ಮೇಸ್ತ್ರಿ? ನೀವು ಹೇಳಿದ್ದೇ ಕೊನೇ ಮಾತು."

ಹಳೆಯದು ಮಾರಿಹೋದರೆ ಭಾವನಿಗೆ ಅದನ್ನು ಮುಟ್ಟುವ ಯೋಗ ಮತ್ತೆ ಇಲ್ಲ ಎಂಬುದು ನನಗೆ ಗೊತ್ತಿತ್ತು. 'ಹಳೆಯದು' ಅಂತ ಒಂದು ಮಾತು ಅಂದುಬಿಡಿ ಭಾವ ಎಂದು ಮನಸ್ಸಿನಲ್ಲೇ ಗೋಗರೆದೆ.

ಅವರು ನೆಟ್ಟಗೆ ಹೊಸದರ ಹತ್ತಿರ ಹೋಗಿ, ಅಂಗಿಯ ತೋಳು ಮಡಚಿ, ಮುಂದಿನ ಬಾನೆಟ್ ಎತ್ತಿದರು. ಒಳಗೆ ಒಂದು ಛತ್ರಿ, ಒಂದು ಜೊತೆ ಚಪ್ಪಲಿ!

"ಎಂಜಿನ್ ಮನೇಲೇ ಬಿಟ್ಟು ಬಂದ್ರಾ ಡಾಕ್ಟ್ರಮ್ಮ?" ಎಂದೆ. ಆಕೆ ಬಿದ್ದು ಬಿದ್ದು ನಕ್ಕರು.

ಭಾವನ ಕಿವಿ ಕೆಂಪಾಯಿತು. "ಈ ಮಾಡೆಲ್‌ನಲ್ಲಿ ಎಂಜಿನ್ ಸೀಟಿನ ಹಿಂದೆ ಅಂತ ನಂಗೊತ್ತು ಕಣೋ. ಕೈಗೆ ಗೊತ್ತಿರಲಿಲ್ಲ, ಅಷ್ಟೇ."

ಹೊಸದನ್ನು ಒಂದು ಸುತ್ತು ಓಡಿಸಿಕೊಂಡು ಬಂದರು. ಎರಡೇ ಪೆಡಲ್, ಗೇರು ತಾನಾಗಿಯೇ ಬದಲಾಗುತ್ತದೆ, ತಿರುವಿನಲ್ಲಿ ನೆಲ ಕಚ್ಚಿ ಹಿಡಿಯುತ್ತದೆ. "ಹೆಂಗಿದೆ?" ಎಂದು ಕೇಳಿದೆ. "ಚೆನ್ನಾಗಿದೆ, ಹಾಳಾದ್ದು" ಎಂದರು.

ಆಮೇಲೆ ಹಳೆಯದನ್ನು ಡಾಕ್ಟ್ರಮ್ಮನ ಕೈಯಲ್ಲೇ ಓಡಿಸಿ, ತಾವು ಪಕ್ಕದಲ್ಲಿ ಕೂತರು. ಅದರ ಕ್ಲಚ್ ಗಟ್ಟಿ. ವಾಪಸು ಬಂದು ರಿವರ್ಸ್ ತೆಗೆಯುವಾಗ ಆಕೆ ಒಂದೊಂದು ಸಲ ಒತ್ತಿದಾಗಲೂ ತುಟಿ ಕಚ್ಚುತ್ತಿದ್ದರು. ಇಳಿದ ಮೇಲೆ ಎಡ ಮೊಣಕಾಲು ಹಿಡಿದುಕೊಂಡು ನಿಂತರು.

ಭಾವ ಹಳೆಯದರ ಬಾನೆಟ್ ಮೇಲಿನ ಧೂಳನ್ನು ನಿಧಾನವಾಗಿ ಒರೆಸಿದರು. "ಹೊಸದನ್ನ ಇಟ್ಕೊಳ್ಳಿ."

"ನಿಮಗೆ ಯಾವುದು ಇಷ್ಟ, ನಿಜ ಹೇಳಿ."

"ನನ್ನ ಇಷ್ಟ ಕಟ್ಕೊಂಡು ಏನ್ಮಾಡ್ತೀರಿ? ಎಡಗಾಲಿಗೆ ಕೆಲಸ ಕೊಡದೇ ಇರೋದನ್ನ ಇಟ್ಕೊಳ್ಳಿ. ಈ ಹಳೇದನ್ನ ಇಟ್ಕೊಂಡ್ರೆ ನೀವು ಓಡಿಸಲ್ಲ, ಬಟ್ಟೆ ಮುಚ್ಚಿ ನಿಲ್ಲಿಸ್ತೀರಿ. ಯಜಮಾನ್ರು ಕಾರು ತಂದಿದ್ದು ನಿಲ್ಸೋಕಲ್ಲ."

ಆಕೆ ಭಾವನ ಗ್ರೀಸ್ ಕೈಯನ್ನೇ ಹಿಡಿದುಕೊಂಡರು. ನನಗೆ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು.

ಎರಡು ವಾರಕ್ಕೆ ಹಳೆಯದನ್ನು ಕೊಂಡವನು ಶೆಡ್ಡಿನಿಂದಲೇ ಒಯ್ಯಲು ಬಂದ. ಭಾವ ಅವನನ್ನು ಕೇಳಿದ್ದು ಒಂದೇ: "ರಸ್ತೆಗೆ ಇಳಿದ ಮೇಲೆ ಒಂದ್ಸಲ ಆಕ್ಸಿಲರೇಟರ್ ಜೋರಾಗಿ ಒತ್ತಿ."

ಅವನು ಒತ್ತಿದ. ಆ ಸದ್ದಿಗೆ ಶೆಡ್ಡಿನ ಹುಡುಗರ ಸುತ್ತಿಗೆಗಳೆಲ್ಲ ನಿಂತವು. ಭಾವ ಗೇಟಿನಲ್ಲಿ ಕಣ್ಣು ಮುಚ್ಚಿ, ಸದ್ದು ಪೂರ್ತಿ ಕರಗುವವರೆಗೂ ನಿಂತಿದ್ದರು.

"ಮೂರನೇ ಗೇರಿಗೆ ಬೇಗ ಹಾಕಿಬಿಟ್ಟ, ಮುಟ್ಠಾಳ" ಎಂದರು.