ಜಿಂಕೆಯ ಕಾಲಿನ ಬಿಲ್ಲೆ

ಒಂದು ಗುರುವಾರ ಬೆಳಿಗ್ಗೆ ನಮ್ಮ ಕಫೀಲ್ ತಾನು ಬೇಟೆಯಾಡಿದ ಒಂದು ಜಿಂಕೆಯನ್ನು ಜೀಪಿನಿಂದ ಇಳಿಸಿ, ನಮ್ಮ ಹಿತ್ತಲಿನ ಸಿಮೆಂಟಿನ ಮೇಲೆ ಮಲಗಿಸಿ ಹೋದ. ಕಫೀಲ್ ಎಂದರೆ ನಾವು ಆ ದೇಶದಲ್ಲಿರಲು ಯಾರ ಹೆಸರು ಆಧಾರವೋ ಆ ಯಜಮಾನ. ನನ್ನ ಗಂಡ ಹಾಯಿಲ್ ಎಂಬ ಊರಿನ ಹೊರಗಿದ್ದ ಅವನ ಗೋಧಿ ಹೊಲಗಳಲ್ಲಿ ನೀರಿನ ಪಂಪುಗಳ ಸಾಮಾನು ನೋಡಿಕೊಳ್ಳುತ್ತಿದ್ದರು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಮಂಗಳೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ ಅಲ್ಲಿಗೆ ಹೋಗಿ ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳಲ್ಲಿ ಎರಡು ಕೋಣೆ ಮತ್ತು ಎತ್ತರದ ಗೋಡೆಯ ಆ ಹಿತ್ತಲು ಬಿಟ್ಟು ನಾನು ನೋಡಿದ್ದು ಬಹಳ ಕಡಿಮೆ.

ಜಿಂಕೆಯ ಕುತ್ತಿಗೆ ಕೊಯ್ದು ಹೊಟ್ಟೆ ಶುಚಿ ಮಾಡಿದ್ದರು. ಚರ್ಮ, ತಲೆ, ಕಾಲು ಹಾಗೆಯೇ ಇದ್ದವು. ಹಿಂಗಾಲಿಗೆ ತಂತಿಯಿಂದ ಹಳದಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ ಕಟ್ಟಿತ್ತು, ಅದರ ಮೇಲೆ ಅರಬಿಯಲ್ಲಿ ನಂಬರು. ಅದರ ಜೊತೆಗೆ ಕಫೀಲ್ ಒಂದು ಕಾಗದವನ್ನೂ ಕೊಟ್ಟಿದ್ದ. ಅವನು ಆ ಹೊತ್ತಿಗೇ ವಿಮಾನ ಹಿಡಿದು ರಿಯಾದ್‌ಗೆ ಹೋಗಬೇಕಿತ್ತು. ಜಿಂಕೆಯನ್ನು ಮದೀನಾದಲ್ಲಿರುವ ತನ್ನ ಅಕ್ಕನ ಮನೆಗೆ ತಲುಪಿಸಬೇಕು, ಪಿಕಪ್ ತೆಗೆದುಕೊಂಡು ಹೋಗು, ಹೆಂಡತಿಯನ್ನೂ ಕರೆದುಕೊಂಡು ಹೋಗಿ ಮಸೀದಿ ತೋರಿಸು, ಎಂದು ನನ್ನ ಗಂಡನಿಗೆ ಹೇಳಿದ್ದನಂತೆ. ಮದೀನಾಕ್ಕೆ ಹೋಗುವುದು ನಾನು ಬಂದ ದಿನದಿಂದ ಮುಂದಕ್ಕೆ ಹೋಗುತ್ತಲೇ ಇದ್ದ ಮಾತು. ನಾನು ಬೇಗ ಬೇಗ ಬಟ್ಟೆ ಮಡಚಿಟ್ಟೆ.

ಆಮೇಲೆ ಹಿತ್ತಲಿಗೆ ಬಂದು ಜಿಂಕೆಯನ್ನು ನೋಡಿ, "ಇದನ್ನು ಹೀಗೇ ಕೊಂಡುಹೋಗುವುದಾ?" ಎಂದೆ.

ನನ್ನ ಗಂಡನ ಮನೆಮಾತು ಉರ್ದು, ನನ್ನದು ಬ್ಯಾರಿ. ಹಾಗಾಗಿ ನಮ್ಮಿಬ್ಬರ ನಡುವಿನ ಮಾತು ಕನ್ನಡದಲ್ಲಿ.

"ಕೊಟ್ಟ ಹಾಗೆ ಕೊಂಡುಹೋದ್ರೆ ಆಯ್ತಲ್ಲ," ಎಂದರು.

"ರೋಮ, ಗೊರಸು ಎಲ್ಲ ಸೇರಿಸಿ? ಅದೂ ಅವರ ಅಕ್ಕನ ಮನೆಗೆ? ನಮ್ಮ ಬಗ್ಗೆ ಎಂತ ತಿಳ್ಕೊಳ್ಳಿಕ್ಕಿಲ್ಲ!"

ನಮ್ಮ ಕಡೆ ಒಬ್ಬರ ಮನೆಗೆ ಮಾಂಸ ಕಳಿಸುವುದೆಂದರೆ ಅದಕ್ಕೊಂದು ರೀತಿಯಿದೆ. ಬಕ್ರೀದಿನ ದಿನ ನನ್ನ ತಾಯಿ ಪಾಲು ಮಾಡಿ ಕಳಿಸುತ್ತಿದ್ದ ಮಾಂಸ ಚೀಲದಿಂದ ನೇರ ಪಾತ್ರೆಗೆ ಬೀಳುವ ಹಾಗೆ ಇರುತ್ತಿತ್ತು. ಚರ್ಮ ಸಮೇತ ಕಳಿಸಿದರೆ ಪಡೆದವರಿಗೆ ಕೆಲಸ ಹಚ್ಚಿದ ಹಾಗೆ, ಅದು ಅವಮಾನ. ತಲೆ ಮತ್ತು ಕಾಲು ಮಾತ್ರ ಕಡಿದವರ ಮನೆಯಲ್ಲೇ ಉಳಿಯುತ್ತವೆ, ಶ್ರಮಕ್ಕೆ ಸಿಕ್ಕ ಪಾಲಾಗಿ. ನಾನು ಬೇರೆ ಯಾವ ರೀತಿಯನ್ನೂ ಯೋಚಿಸಲಿಲ್ಲ.

ಕಾಗದವನ್ನು ನಾನು ಓದದೆ ಬಿಟ್ಟೆನೆಂದಲ್ಲ. ಮದ್ರಸದಲ್ಲಿ ಅರಬಿ ಓದಲು ಕಲಿತವಳು ನಾನು. ಅರ್ಥ ಮಾತ್ರ ಯಾರೂ ಕಲಿಸಿರಲಿಲ್ಲ. ಮೇಲೆ ಕಫೀಲನ ಹೆಸರು, ಬಿಲ್ಲೆಯಲ್ಲಿದ್ದ ಅದೇ ನಂಬರು, ನನ್ನ ಗಂಡನ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾದ ಮೂರು ಸಾಲು. ಸ್ವರಚಿಹ್ನೆ ಇಲ್ಲದ ಆ ಸಾಲುಗಳನ್ನು ನಾನು ಊಹೆಯಿಂದ ಉಚ್ಚಾರ ಕೂಡಿಸಿ ಗಟ್ಟಿಯಾಗಿ ಓದಿದೆ. ನನ್ನ ಗಂಡನಿಗೆ ಬರುತ್ತಿದ್ದದ್ದು ಪಂಪು, ಡೀಸೆಲ್, ಬೇಗ ಹೊರಡು, ನಾಳೆ ಬಾ ಎಂಬಷ್ಟು ಅರಬಿ. ತಲೆಬಾಗಿ ಪೂರ್ತಿ ಕೇಳಿದರು.

"ನೀನು ಓದಿದ್ರೆ ದುಆದ ಹಾಗೆ ಕೇಳ್ತದೆ ಮಾರಾಯ್ತಿ," ಎಂದರು. "ಆಮೀನ್ ಹೇಳ್ಲಾ?"

ಇಬ್ಬರೂ ನಕ್ಕೆವು. ಆಮೇಲೆ ಅವರು ಚರ್ಮ ಸುಲಿದರು, ನಾನು ತುಂಡು ಮಾಡಿದೆ. ಕಾಲುಗಳನ್ನು ಕೆಂಡದ ಮೇಲೆ ಸುಡುವ ಮೊದಲು ಇಕ್ಕಳದಿಂದ ತಂತಿ ಕತ್ತರಿಸಿ, ಕಸ ಸುಡುವ ಡಬ್ಬಿಗೆ ಬಿಲ್ಲೆಯನ್ನು ಎಸೆದೆ. ತಲೆಯನ್ನೂ ಕಾಲುಗಳನ್ನೂ ಫ್ರೀಜರಿನಲ್ಲಿಟ್ಟೆ. ಮಾಂಸವನ್ನು ನಾಲ್ಕು ನೀರಿನಲ್ಲಿ ತೊಳೆದು, ಚೀಲಗಳಲ್ಲಿ ಕಟ್ಟಿ, ಐಸ್ ಪೆಟ್ಟಿಗೆಯಲ್ಲಿ ಜೋಡಿಸಿದೆ. ಕೈ ಸೋತಿತ್ತು, ಆದರೂ ಜೋಡಿಸಿದ್ದು ನೋಡಲು ಚೆನ್ನಾಗಿತ್ತು.

ಊರು ದಾಟಿ ಬಹಳ ದೂರ ಹೋದ ಮೇಲೆ ತಪಾಸಣೆಯ ಠಾಣೆಯೊಂದರಲ್ಲಿ ನಮ್ಮನ್ನು ನಿಲ್ಲಿಸಿದರು. ಮಧ್ಯಾಹ್ನದ ಬಿಸಿಲು. ನಾನು ಪಿಕಪ್ಪಿನ ಒಳಗೆ ಮುಖ ಮುಚ್ಚಿ ಕೂತಿದ್ದೆ. ಅಧಿಕಾರಿ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಒಂದು ಚೀಲ ಎತ್ತಿ ನೋಡಿ, ಇದೇನೆಂದು ಕೇಳಿದ. ನನ್ನ ಗಂಡ ಕಾಗದ ಕೊಟ್ಟರು. ಅವನು ಓದಿದ. ಎದುರಿದ್ದವನಿಗೆ ಅರಬಿ ಅಷ್ಟಾಗಿ ಬಾರದೆಂದು ತಿಳಿದು, ತನ್ನ ಕಾಲನ್ನೇ ಎತ್ತಿ ಪಾದದ ಗಂಟಿನ ಸುತ್ತ ಬೆರಳು ಸುತ್ತಿ ತೋರಿಸಿದ. ಬಿಲ್ಲೆ ಎಲ್ಲಿ?

ನನ್ನ ಗಂಡ ಮನೆಯ ದಿಕ್ಕಿಗೆ ಕೈ ತೋರಿಸಿದರು.

ಆಮೇಲೆ ಅವನು ಕೇಳಿದ್ದು ನನಗೂ ಅರ್ಥವಾಯಿತು, ಏಕೆಂದರೆ ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದ. ಕತ್ತರಿಸಿದ್ದು ಯಾರು?

ಅವರು ನನ್ನ ಕಡೆ ತಿರುಗಲಿಲ್ಲ. ಎದೆಯ ಮೇಲೆ ಕೈ ಇಟ್ಟುಕೊಂಡರು. ನಾನು ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ. ಹಾಕಿದ್ದು ಅಷ್ಟೇ, ಇಳಿಯಲಿಲ್ಲ.

ಮಾಂಸವನ್ನು ಠಾಣೆಯವರು ಇಟ್ಟುಕೊಂಡರು. ನನ್ನ ಗಂಡನ ಇಕಾಮಾವನ್ನೂ ಇಟ್ಟುಕೊಂಡರು. ಇಕಾಮಾ ಆ ದೇಶದಲ್ಲಿರಲು ಇದ್ದ ಪರವಾನಗಿಯ ಪುಸ್ತಕ, ಅದಿಲ್ಲದೆ ಊರಿನಿಂದ ಊರಿಗೆ ಹೋಗುವ ಹಾಗಿಲ್ಲ. ಕಾಗದವನ್ನು ಮರಳಿಸಿ, ಇಕಾಮಾದ ಬದಲಿಗೆ ಹಾಯಿಲ್‌ಗೆ ಮರಳಲು ಮಾತ್ರ ಆಗುವ ಒಂದು ಚೀಟಿ ಕೊಟ್ಟರು. ಮದೀನಾ ಅಲ್ಲಿಗೆ ಮುಗಿಯಿತು. ಸಂಜೆ ಮನೆ ಸೇರಿದಾಗ ನಾನು ಮೊದಲು ಕಸದ ಡಬ್ಬಿ ಬೋರಲು ಹಾಕಿದೆ. ಹಿತ್ತಲು ಗುಡಿಸಿದ ಮೇಲೆ ನಾನೇ ಅದಕ್ಕೆ ಬೆಂಕಿ ಕೊಟ್ಟಿದ್ದೆ. ಬೂದಿಯಲ್ಲಿ ತಂತಿ ಸಿಕ್ಕಿತು. ಹಳದಿ ಪ್ಲಾಸ್ಟಿಕ್ಕು ಕರಗಿ ಹುಣಸೆಬೀಜದಷ್ಟು ಗಟ್ಟಿಯಾಗಿತ್ತು.

ಮರುದಿನ ಶುಕ್ರವಾರ, ಜುಮ್ಮಾ ನಮಾಜು ಮುಗಿದ ಮೇಲೆ ನಾವು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಟ್ಕಳದ ಒಬ್ಬ ಹಿರಿಯರ ಬಳಿ ಹೋದೆವು. ಇಪ್ಪತ್ತು ವರ್ಷದಿಂದ ಅಲ್ಲಿದ್ದವರು, ಅರಬಿ ಓದಿ ಬರೆಯಬಲ್ಲವರು. ನಾವು ಕಾಕಾ ಎನ್ನುತ್ತಿದ್ದೆವು. ಅವರು ಕನ್ನಡಕ ಹಾಕಿಕೊಂಡು ಕಾಗದದ ಮೂರು ಸಾಲನ್ನು ನಿಧಾನವಾಗಿ ಬಿಡಿಸಿ ಹೇಳಿದರು.

"ಪ್ರಾಣಿ ತಿನ್ನುವವರ ಮನೆ ತಲುಪುವ ತನಕ ಬಿಲ್ಲೆ ಕಾಲಿನಲ್ಲೇ ಇರಬೇಕು. ಇದು ಒಂದು. ಹೊಡೆದವನ ಬದಲು ಬೇರೆಯವರು ಸಾಗಿಸಿದ್ರೆ ಅವನ ಸಹಿಯ ಕಾಗದ ಬೇಕು. ಅದು ನಿಮ್ಮತ್ರ ಉಂಟು. ಮೂರನೆಯದು..." ಅವರು ಕನ್ನಡಕ ತೆಗೆದರು. "ಬಿಲ್ಲೆ ಇಲ್ಲದ ಪ್ರಾಣಿ ಯಾರ ಕೈಯಲ್ಲಿ ಸಿಕ್ತದೋ ಅವನೇ ಹೊಡೆದದ್ದು ಅಂತ. ಈಗ ಈ ಜಿಂಕೆ ಹೊಡೆದದ್ದು ನೀನು ಮಾರಾಯ. ಬಂದೂಕು ಹಿಡಿದು ಗೊತ್ತುಂಟಾ ನಿನಗೆ?"

"ಗಾಳ ಹಾಕಿ ಗೊತ್ತುಂಟು," ಎಂದರು ನನ್ನ ಗಂಡ. ಕಾಕಾ ನಕ್ಕರು. ಆಮೇಲೆ ನನ್ನ ಕಡೆ ತಿರುಗಿದರು.

"ಈ ಕಾಗದ ಮನೆಯಲ್ಲಿ ಯಾರೂ ನೋಡ್ಲಿಲ್ವಾ? ನೀನು ದೊಡ್ಡ ಓದು ಓದಿದವಳು ಅಲ್ವಾ ತಂಗಿ?"

"ಓದಿದೆ ಕಾಕಾ," ಎಂದೆ.

ಠಾಣೆಯವರು ಕೊಟ್ಟ ಚೀಟಿಯನ್ನೂ ಅವರು ಓದಿದರು. ಮೂರು ದಿನದೊಳಗೆ ಪರವಾನಗಿ ಇದ್ದ ಬೇಟೆಗಾರ ತಾನೇ ಬಂದು ಇದು ನನ್ನದು ಎನ್ನಬೇಕು, ಪರವಾನಗಿಯಲ್ಲಿರುವಂತೆ ಇದು ಗಂಡುಜಿಂಕೆಯೇ ಎನ್ನುವುದಕ್ಕೆ ತಲೆ ತೋರಿಸಬೇಕು. ಅವನು ಬಂದರೆ ಇಕಾಮಾ ಮರಳಿ ಸಿಗುತ್ತದೆ. ಆದರೆ ಬಿಲ್ಲೆ ಕಳೆದದ್ದಕ್ಕೆ ಮುಂದಿನ ಹಂಗಾಮಿನ ಪರವಾನಗಿ ಅವನಿಗೆ ಸಿಗುವುದಿಲ್ಲ. ಬಾರದಿದ್ದರೆ ನನ್ನ ಗಂಡ ಪರವಾನಗಿಯಿಲ್ಲದೆ ಜಿಂಕೆ ಹೊಡೆದ ಪರದೇಶಿ. ಜೈಲು, ಅಲ್ಲಿಂದ ಊರಿಗೆ. ಕಫೀಲ್‌ಗೆ ಬೇಟೆಯೆಂದರೆ ಎಷ್ಟು ಹುಚ್ಚು ಎಂಬುದು ಪೇಟೆಗೆಲ್ಲ ಗೊತ್ತಿತ್ತು. ವರ್ಷವಿಡೀ ಆ ಕೆಲವು ವಾರಗಳಿಗಾಗಿ ಕಾಯುವ ಮನುಷ್ಯ. ಸಹಿ ನನ್ನದಲ್ಲ ಎಂದುಬಿಟ್ಟರೆ ಅವನು ಕಳೆದುಕೊಳ್ಳುವುದು ಒಬ್ಬ ಪಂಪಿನ ಕೆಲಸದವನನ್ನು ಮಾತ್ರ.

ಕಾಕಾನ ಅಂಗಡಿಯಿಂದಲೇ ರಿಯಾದ್‌ಗೆ ಫೋನು ಮಾಡಿದೆವು. ಕಾಕಾ ಮಾತಾಡಿದರು. ಆಮೇಲೆ ಫೋನು ಇಟ್ಟರು.

"ಎಂತ ಹೇಳಿದ್ರು?" ಎಂದು ನನ್ನ ಗಂಡ ಕೇಳಿದರು.

"ಇನ್ಶಾ ಅಲ್ಲಾಹ್ ಅಂದ."

"ಅಂದ್ರೆ ಬರ್ತಾರಾ?"

"ಇಪ್ಪತ್ತು ವರ್ಷ ಆಯ್ತು ನಾನಿಲ್ಲಿ. ಈ ಮಾತು ಕೇಳಿ ಬರ್ತಾನೋ ಇಲ್ವೋ ಅಂತ ಹೇಳ್ಲಿಕ್ಕೆ ನನಗೆ ಇನ್ನೂ ಬರುದಿಲ್ಲ."

ಅವತ್ತು ನಾನು ಅನ್ನಕ್ಕೆ ಇಟ್ಟು, ಇಟ್ಟದ್ದನ್ನೇ ಮರೆತೆ. ನನ್ನ ಗಂಡ ಪಂಪಿನ ಸಾಮಾನುಗಳ ಪಟ್ಟಿಯನ್ನು ತೆಗೆದು, ತಾನಿಲ್ಲದಿದ್ದರೆ ಬರುವವನಿಗೆ ತಿಳಿಯಲಿ ಎಂದು ಒಂದೊಂದರ ಮುಂದೆ ಎಲ್ಲಿಟ್ಟಿದೆ ಎಂದು ಬರೆಯುತ್ತ ಕೂತರು. "ಕತ್ತರಿಸಿದ್ದು ನಾನು ಅಂತ ಹೇಳಿ," ಎಂದು ನಾನು ಎರಡು ಸಲ ಹೇಳಿದೆ. ಎರಡು ಸಲವೂ ಅವರು ತಲೆಯೆತ್ತದೆ, "ಸುಮ್ಮನಿರು," ಎಂದರು. ಕೋಪವಿರಲಿಲ್ಲ. ಕೋಪ ಮಾಡಿಕೊಳ್ಳುವಷ್ಟು ತ್ರಾಣ ಅವರಲ್ಲಿ ಉಳಿದಿರಲಿಲ್ಲ.

ಶನಿವಾರ ಬೆಳಿಗ್ಗೆ ಜೀಪು ಬಂತು. ಕಫೀಲ್ ಒಳಗೆ ಬರಲಿಲ್ಲ. ಫ್ರೀಜರಿನಿಂದ ತಲೆಯನ್ನು ತೆಗೆದು ಹಳೆಯ ಪತ್ರಿಕೆಯಲ್ಲಿ ಸುತ್ತಿ ನಾನು ಕೊಟ್ಟೆ, ನನ್ನ ಗಂಡ ಮಡಿಲಲ್ಲಿಟ್ಟುಕೊಂಡು ಅವನ ಪಕ್ಕ ಕೂತರು. ಜೀಪು ಹೋಯಿತು. ನಾನು ನಮಾಜಿನ ಹೊತ್ತು ಬಿಟ್ಟರೆ ಉಳಿದಂತೆ ಗೇಟಿನ ಒಳಮಗ್ಗುಲಲ್ಲಿ ಒಂದು ಮಣೆಯ ಮೇಲೆ ಕೂತಿದ್ದೆ.

ಇಳಿಹಗಲಿನ ಅಸರ್ ಬಾಂಗಿನ ಹೊತ್ತಿಗೆ ಇಬ್ಬರೂ ಮರಳಿದರು. ಗೇಟು ಅರ್ಧ ತೆರೆದು, ಅದರ ಮರೆಯಲ್ಲಿ ನಿಂತೆ. ನನ್ನ ಗಂಡ ಜೇಬಿನಿಂದ ಇಕಾಮಾದ ಅಂಚನ್ನು ಮಾತ್ರ ನನಗೆ ಕಾಣುವ ಹಾಗೆ ಎತ್ತಿ ತೋರಿಸಿದರು.

"ಎಂತ ಬರೆಸಿದ್ರು?" ಎಂದು ಪಿಸುಗುಟ್ಟಿದೆ.

"ತಾನೇ ಹೊಡೆದದ್ದು, ಕೆಲಸದವನಿಗೆ ನಿಯಮ ಹೇಳಿಕೊಡದ್ದು ತನ್ನ ತಪ್ಪು ಅಂತ. ಮುಂದಿನ ಹಂಗಾಮು ಹೋಯ್ತು ಅವರದ್ದು." ಧ್ವನಿ ತಗ್ಗಿಸಿದರು. "ದಾರಿಯುದ್ದಕ್ಕೂ ಒಂದೇ ಮಾತು. ಬಿಲ್ಲೆ ಸುಡುವವನು ಎಂಥ ಕತ್ತೆ ಅಂತ."

ಕಫೀಲ್ ಜೀಪಿಗೆ ಒರಗಿ ನಿಂತಿದ್ದ. ಬಿಸಿಲಿಗೆ ಮುಖ ಬಾಡಿತ್ತು. ಆ ಬೈಗುಳ ಸೇರಬೇಕಾದ ಜಾಗ ಬೇರೆಯಾಗಿತ್ತು. ನಾನು ಗೇಟಿನ ಮರೆಯಿಂದಲೇ, ಆದರೆ ಅವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ: "ಕತ್ತರಿಸಿದ್ದು, ಸುಟ್ಟದ್ದು ಎರಡೂ ನಾನು ಅಂತ ಅವರಿಗೆ ಹೇಳಿ. ಈಗಲೇ ಹೇಳಿ."

ಕಫೀಲ್ ತಲೆಯೆತ್ತಿದ. ನನ್ನ ಸ್ವರ ಅವನು ಕೇಳಿದ್ದು ಅದೇ ಮೊದಲು. ಏನು ಹೇಳುತ್ತಿದ್ದಾಳೆ ಎಂದು ನನ್ನ ಗಂಡನನ್ನು ಕೇಳಿದ.

ಅವರು ನನ್ನನ್ನು ನೋಡಿದರು, ಅವನನ್ನು ನೋಡಿದರು. ಆಮೇಲೆ ತಮ್ಮ ಪಂಪಿನ ಅರಬಿಯಲ್ಲಿ ಏನೋ ಹೇಳಿದರು. ಅದರಲ್ಲಿ ನನಗೆ ತಿಳಿದದ್ದು ಒಂದೇ ಶಬ್ದ: ಶಾಯ್. ಚಹಾ ಕುಡಿದು ಹೋಗಬೇಕಂತೆ, ಎಂದಿದ್ದರು.

ಕಫೀಲ್ ಒಂದು ಗಳಿಗೆ ಯೋಚಿಸಿದ. ಹಣೆಯ ಬೆವರು ಒರೆಸಿಕೊಂಡು, ಚಪ್ಪಲಿ ಕಳಚಿ ಒಳಗೆ ಬಂದ.

ನಾನು ಅಡುಗೆಮನೆಗೆ ಹೋಗಿ ನೀರಿಟ್ಟೆ. ನನ್ನ ಗಂಡ ಚಹಾ ತೆಗೆದುಕೊಂಡು ಹೋಗಲು ಬಂದಾಗ ನಾನು ತಟ್ಟೆಯನ್ನು ಬಿಡಲಿಲ್ಲ.

"ಯಾಕೆ ಹಾಗೆ ಹೇಳಿದ್ರಿ?"

"ನನ್ನನ್ನು ಕತ್ತೆ ಅಂದ್ರು, ನಾಳೆ ಮರೀತಾರೆ," ಎಂದರು. "ನಿನ್ನ ಹೆಸರು ಆ ಠಾಣೆಗೆ ಹೋದ್ರೆ ನಾನು ಮರೀಲಿಕ್ಕಿಲ್ಲ. ತಟ್ಟೆ ಬಿಡು, ಚಹಾ ತಣಿತದೆ."

ನಾನು ಬಿಟ್ಟೆ.