ಆರ್ಡಿತ್ ಕುಚೇರಾಳ ಸ್ಕ್ಯಾನರ್

ಆರ್ಡಿತ್ ಕುಚೇರಾ ಕಂಡವರ ಕೇಡನ್ನು ಬಾಯಿ ಚಪ್ಪರಿಸಿ ಸವಿಯುವ ಹೆಂಗಸು. ಇದನ್ನು ಮೆತ್ತಗೆ ಹೇಳುವ ಅಗತ್ಯವಿಲ್ಲ. ನಮ್ಮ ಟರ್ಲಿ ಕೌಂಟಿಯಲ್ಲಿ ಯಾರೂ ಮೆತ್ತಗೆ ಹೇಳಿದ್ದೂ ಇಲ್ಲ. ಅವಳ ಅಡುಗೆಮನೆಯ ಕಿಟಕಿಯಲ್ಲಿ, ಬ್ರೆಡ್ಡಿನ ಡಬ್ಬಿಯ ಪಕ್ಕ, ಒಂದು ಸ್ಕ್ಯಾನರ್ ಕೂತಿರುತ್ತಿತ್ತು. ಪೊಲೀಸರಿರಲಿ, ಬೆಂಕಿಪಡೆಯಿರಲಿ, ಆಂಬ್ಯುಲೆನ್ಸಿನವರಿರಲಿ, ನೆಬ್ರಾಸ್ಕಾದ ಈ ಮೂಲೆಯಲ್ಲಿ ಯಾರು ಯಾರನ್ನು ರೇಡಿಯೋದಲ್ಲಿ ಕರೆದರೂ ಆ ಪೆಟ್ಟಿಗೆ ಅದನ್ನು ಹಿಡಿದು ಒದರುತ್ತಿತ್ತು.

ಕೇಳುವುದು ತಪ್ಪಲ್ಲ. ಹುಲ್ಲುಗಾವಲಿಗೆ ಬೆಂಕಿ ಬಿದ್ದರೆ ಮೊದಲು ತಿಳಿಯಬೇಕಾದವರು ಹುಲ್ಲಿನ ನಡುವೆ ಬದುಕುವವರೇ. ಹಿಂದೆ ಇಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ಸ್ಕ್ಯಾನರ್ ಇತ್ತು. ಆಮೇಲೆ ಟರ್ಲಿ ಕೌಂಟಿ ರಾಜ್ಯದ ಹೊಸ ರೇಡಿಯೋ ವ್ಯವಸ್ಥೆಗೆ ಸೇರಿತು, ಪಕ್ಕದ ಕೌಂಟಿ ಹಳೆಯದರಲ್ಲೇ ಉಳಿಯಿತು; ಒಂದರ ಮಾತು ಇನ್ನೊಂದಕ್ಕೆ ಕೇಳದು. ಟರ್ಲಿಯ ಮಟ್ಟಿಗೆ ಜನರ ಹಳೆಯ ಪೆಟ್ಟಿಗೆಗಳು ಮೂಕವಾದವು. ಆರ್ಡಿತ್ ಮಾತ್ರ ಎರಡನ್ನೂ ಹಿಡಿಯುವ ಹೊಸದನ್ನು ತರಿಸಿಕೊಂಡಳು. ಕೇಳಿ ಸುಮ್ಮನಿದ್ದಿದ್ದರೆ ಯಾರಿಗೂ ತಕರಾರಿರಲಿಲ್ಲ. ಅವಳು ಕೇಳಿದ ಕೂಡಲೇ ಫೋನೆತ್ತುತ್ತಿದ್ದಳು.

ಫೋನು ಹೋಗುತ್ತಿದ್ದುದು ಕೌಂಟಿಯ ಗಡಿಯ ಮೇಲೇ ಇರುವ ಲವೋನ್‌ಳ ಕೆಫೆಗೆ. ಲವೋನ್ ಸ್ಪೀಕರ್ ಹಾಕುತ್ತಿದ್ದಳು. ಕಾಫಿಗೆ ಕೂತ ದನದವರೆಲ್ಲ ಕಿವಿ ನಿಮಿರಿಸುತ್ತಿದ್ದರು. ಆರ್ಡಿತ್ ಹೆಸರನ್ನು ಮೊದಲೇ ಬಿಟ್ಟುಕೊಡುತ್ತಿರಲಿಲ್ಲ. "ಯಾರಿರಬಹುದು ಹೇಳಿ ನೋಡೋಣ?" ಎಂದು ಆಟವಾಡಿಸುತ್ತಿದ್ದಳು. ಸುದ್ದಿ ಬಿಸಿಯಾಗಿದ್ದರೆ ರಿಸೀವರನ್ನು ಸ್ಕ್ಯಾನರಿಗೇ ಹಿಡಿದು ನೇರವಾಗಿ ಕೇಳಿಸುತ್ತಿದ್ದಳು.

ಲೀಲ್ಯಾಂಡ್ ಫೈಫರನ ಹೆಂಡತಿ ಇರ್ಮಾ ಸತ್ತದ್ದೂ ಹೀಗೆಯೇ ಊರಿಗೆ ತಿಳಿಯಿತು. ಆಂಬ್ಯುಲೆನ್ಸಿನವರು ಎದೆ ಒತ್ತುವುದನ್ನು ನಿಲ್ಲಿಸಿದೆವು ಎಂದರು, ಆರ್ಡಿತ್ ಅದನ್ನು ಕೆಫೆಗೆ ದಾಟಿಸಿದಳು. ಆಸ್ಪತ್ರೆಗೆ ಹೊರಟಿದ್ದ ಲೀಲ್ಯಾಂಡ್ ಪೆಟ್ರೋಲಿಗೆಂದು ಆ ಕೆಫೆಯ ಮುಂದಿನ ಬಂಕಿನಲ್ಲೇ ಗಾಡಿ ನಿಲ್ಲಿಸಿದ್ದ. ಲವೋನ್ ಅಳುತ್ತ ಓಡಿ ಬಂದು ಅವನನ್ನು ತಬ್ಬಿಕೊಂಡಳು. ಅವನಿಗೆ ಗೊತ್ತಾದದ್ದು ಹಾಗೆ. ಅಂದಿನಿಂದ ಸ್ಪೀಕರಿನಲ್ಲಿ ಆರ್ಡಿತಳ ದನಿ ಬಂತೆಂದರೆ ಅವನು ಕಪ್ಪು ಹಿಡಿದು ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಕುರ್ಚಿ ಎಳೆಯುವ ಆ ಸದ್ದು ಆರ್ಡಿತಳಿಗೆ ಫೋನಿನಲ್ಲೇ ಗುರುತು ಸಿಗುತ್ತಿತ್ತು.

ಮಾರ್ಚಿನ ಆ ಮಧ್ಯಾಹ್ನ ದಕ್ಷಿಣದ ಗಾಳಿ ಬೇಲಿ ಕಂಬಗಳನ್ನೇ ಅಲುಗಿಸುತ್ತಿತ್ತು. ಆರ್ಡಿತ್ ಕೊಲಾಚಿ ಎಂಬ ಸಿಹಿ ಬನ್ನಿಗೆ ಹಿಟ್ಟು ನಾದುತ್ತಿದ್ದಳು. ಪಶ್ಚಿಮದ ಗುಡ್ಡಗಳಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ಆಗಲೇ ಟರ್ಲಿಯ ಗಾಡಿಗಳೆಲ್ಲ ಹೊರಟಿದ್ದವು. ಪಕ್ಕದ ಕೌಂಟಿಯಿಂದಲೂ ನೆರವು ಕೇಳಿದ್ದರು. ಮೊದಲು ಬಂದು ಮುಟ್ಟಿದ್ದು ಅಲ್ಲಿಯ ನೀರಿನ ಲಾರಿ. ಓಡಿಸುತ್ತಿದ್ದವಳು ಲೀಲ್ಯಾಂಡನ ಮಗಳು ಮಾರ್ನಿ. ನೆರವಿಗೆ ಬಂದವರ ಕೈಗೆ ಟರ್ಲಿಯವರು ತಮ್ಮದೊಂದು ರೇಡಿಯೋ ಕೊಡುವುದು ಪದ್ಧತಿ. ಅಂದಿನ ಗಡಿಬಿಡಿಯಲ್ಲಿ ಯಾರೂ ಕೊಡಲಿಲ್ಲ.

ಸ್ಕ್ಯಾನರ್ ಚಟಪಟ ಎಂದಿತು. ಟರ್ಲಿ ಬೆಂಕಿಪಡೆಯ ಮುಖ್ಯಸ್ಥನ ದನಿ.

"ಎಲ್ಲಾ ಗಾಡಿಯವ್ರೂ ಕೇಳಿ! ಗಾಳಿ ತಿರುಗ್ತಾ ಇದೆ, ಬೆಂಕಿ ಪೂರ್ವಕ್ಕೆ ಹೊರಳ್ತದೆ. ಪೂರ್ವದ ಮಗ್ಗುಲು ಬಿಟ್ಟು ಸುಟ್ಟ ನೆಲಕ್ಕೆ ಬನ್ನಿ. ಈಗಲೇ!"

ಒಬ್ಬೊಬ್ಬರಾಗಿ ಸರಿ, ಸರಿ ಎಂದರು. ಪೆಟ್ಟಿಗೆ ತಾನಾಗಿಯೇ ಮುಂದಿನ ಚಾನೆಲಿಗೆ ಜಿಗಿಯಿತು. ಈಗ ಮಾರ್ನಿ, ತನ್ನ ಕೌಂಟಿಯವರ ಜೊತೆ, ನಗುನಗುತ್ತ:

"ನಾನು ಪೂರ್ವದ ಗಾಳಿಯಂತ್ರದ ಹತ್ರ ಇದೀನಿ, ದನದ ತೊಟ್ಟಿಯಿಂದ ನೀರು ತುಂಬಿಸ್ಕೋತಾ. ಇಲ್ಲೆಲ್ಲ ಆರಾಮು. ಯಾರಾದ್ರೂ ಸ್ಯಾಂಡ್‌ವಿಚ್ ತಂದ್ರೆ ಬೇಡ ಅನ್ನಲ್ಲ."

ಆರ್ಡಿತಳ ಕೈ ಹಿಟ್ಟಿನಲ್ಲೇ ನಿಂತಿತು. ಅಪ್ಪಣೆ ಒಂದು ರೇಡಿಯೋದಲ್ಲಿ, ಹುಡುಗಿ ಇನ್ನೊಂದರಲ್ಲಿ. ಎರಡನ್ನೂ ಕೇಳಿದ್ದು ಈ ಪೆಟ್ಟಿಗೆ ಒಂದೇ, ಮತ್ತು ಈ ಪೆಟ್ಟಿಗೆಗೆ ಕಿವಿಯಷ್ಟೇ ಇದೆ, ಬಾಯಿಲ್ಲ.

ಹಿಟ್ಟಿನ ಕೈಯಲ್ಲೇ ತುರ್ತು ಸಂಖ್ಯೆ ಒತ್ತಿದಳು. ಕರೆ ಎತ್ತಿದವಳು ಟ್ವೈಲಾ.

"ಟ್ವೈಲಾ, ನಾನು ಆರ್ಡಿತ್. ಪಕ್ಕದವರ ಲಾರಿ..."

"ಆರ್ಡಿತ್, ಇದು ತುರ್ತು ಲೈನು! ಹೊಗೆ ಕಾಣ್ತಿದೆ ಅಂತ ಊರಿಗೆ ಊರೇ ಫೋನ್ ಮಾಡ್ತಿದೆ. ಪ್ರತಿ ಬೆಂಕಿಗೂ ನಿಮ್ದೊಂದು ಹರಟೆ ಇರ್ಲೇಬೇಕಾ?"

"ಹರಟೆ ಅಲ್ಲ ಕಣೇ, ಮಾರ್ನಿ ಫೈಫರ್..."

ಲೈನು ಸತ್ತಿತು. ಮತ್ತೆ ಒತ್ತಿದರೆ ಬರೀ ಕುಂಯ್ ಕುಂಯ್. ಕಿಟಕಿಯಾಚೆ ಅಲ್ಲಿಯವರೆಗೆ ಉತ್ತರಕ್ಕೆ ವಾಲಿದ್ದ ಹೊಗೆ ನೆಟ್ಟಗೆ ನಿಂತು, ಒಮ್ಮೆ ಮೈಮುರಿದು, ಈ ಕಡೆಗೆ ಬಗ್ಗತೊಡಗಿತು.

ಲೀಲ್ಯಾಂಡನ ಗಾಡಿಯಲ್ಲಿ ಪಕ್ಕದ ಕೌಂಟಿಯ ರೇಡಿಯೋ ಇದೆ. ಅವನು ಹಿಂದೆ ಅಲ್ಲಿಯ ಬೆಂಕಿಪಡೆಯಲ್ಲಿದ್ದವನು. ಈ ಹೊತ್ತಿಗೆ ಅವನು ಕೆಫೆಯಲ್ಲಿರುತ್ತಾನೆ. ಆರ್ಡಿತ್ ಕೆಫೆಯ ಸಂಖ್ಯೆ ಒತ್ತಿದಳು.

"ಬಂತಪ್ಪಾ ಆಕಾಶವಾಣಿ!" ಎಂದಳು ಲವೋನ್. ಹಿಂದೆ ಗಂಡಸರ ನಗು. "ಸ್ಪೀಕರ್ ಹಾಕಿದೀನಿ ಕಣೇ, ಬಿಡು ಬಾಣ. ಇವತ್ತು ಯಾರ ಗ್ರಹಚಾರ?"

ಬರ್ರ್ ಎಂದು ಕುರ್ಚಿ ಎಳೆದ ಸದ್ದು. ಅವನು ಎದ್ದ. ಬಾಗಿಲಿಗೆ ನಾಲ್ಕು ಹೆಜ್ಜೆಯೂ ಇಲ್ಲ.

"ಮಾರ್ನಿ!" ಆರ್ಡಿತ್ ಕಿರುಚಿದಳು. "ಲೀಲ್ಯಾಂಡ್, ಹೋಗ್ಬೇಡ! ಮಾರ್ನಿ ಬದುಕಿದಾಳೆ, ಆದ್ರೆ ಬೆಂಕಿ ಅವಳ ಕಡೆ ತಿರುಗಿದೆ. ಪೂರ್ವದ ಗಾಳಿಯಂತ್ರ! ಟರ್ಲಿಯವ್ರು ಎಲ್ಲರನ್ನೂ ಸುಟ್ಟ ನೆಲಕ್ಕೆ ಕರೆದ್ರು, ಅವಳಿಗೆ ಅದು ಕೇಳಿಲ್ಲ. ನಿನ್ನ ರೇಡಿಯೋದಲ್ಲಿ ಹೇಳು!"

ನಗು ನಿಂತಿತು. ಆಮೇಲೆ ಏನೋ ಬಿದ್ದು ಒಡೆಯಿತು, ಬಾಗಿಲು ಗೋಡೆಗೆ ಬಡಿಯಿತು, ಯಾರೋ "ಓಡೋ, ಓಡೋ!" ಎಂದರು.

ಆರ್ಡಿತ್ ಫೋನಿಟ್ಟು ಸ್ಕ್ಯಾನರಿಗೆ ಕಿವಿ ಹಚ್ಚಿದಳು. ಚಾನೆಲುಗಳು ಒಂದರ ಮೇಲೊಂದು ಜಿಗಿಯುತ್ತಿದ್ದವು; ಪಕ್ಕದ ಕೌಂಟಿಯದು ಬಂದೊಡನೆ ಗುಂಡಿ ಒತ್ತಿ ಅಲ್ಲೇ ನಿಲ್ಲಿಸಿದಳು. ಏದುಸಿರು ಬಿಡುತ್ತಿದ್ದ ಗಂಡು ದನಿ.

"ಮಾರ್ನಿ! ಅಪ್ಪ ಮಾತಾಡ್ತಿರೋದು. ಪೈಪು ಅಲ್ಲೇ ಬಿಸಾಕು, ಗಾಡಿ ಹತ್ತು. ಬೆಂಕಿ ಕಡೆಗೇ ಓಡ್ಸು."

"ಏನಪ್ಪಾ? ಬೆಂಕಿ ಕಡೆಗಾ?"

"ಬೆನ್ನು ಹಾಕಿ ಓಡಿದ್ರೆ ಅದೇ ಗೆಲ್ಲುತ್ತೆ. ಜ್ವಾಲೆ ಗಿಡ್ಡ ಇರೋ ಕಡೆ ನೋಡಿ ನುಗ್ಗು. ಆಚೆ ಕರಿ ನೆಲ ಇದೆ, ಅಲ್ಲಿ ಸುಡೋಕೆ ಏನೂ ಉಳಿದಿಲ್ಲ. ಗಾಜು ಏರ್ಸು. ಹೋಗು ಮಗಳೇ!"

"ಹೊಗೆ ಬಂತು. ಏನೂ ಕಾಣ್ತಿಲ್ಲ..."

"ನಿಲ್ಲಿಸ್ಬೇಡ!"

ಮುಂದೆ ಬರೀ ಕರಕರ. ಆರ್ಡಿತ್ ಪೆಟ್ಟಿಗೆಯ ದನಿ ಏರಿಸಿದಳು. "ಮಾತಾಡೇ ಹುಡುಗಿ," ಎಂದು ಪೆಟ್ಟಿಗೆಗೆ ಗದರಿದಳು. "ಬಾಯ್ಬಿಡೇ!" ಇನ್ನೊಬ್ಬರ ಆಪತ್ತಿನಲ್ಲಿ ಇಷ್ಟು ಹೊತ್ತು ಅವಳು ಫೋನು ಮುಟ್ಟದೆ ಇದ್ದದ್ದು ಅದೇ ಮೊದಲು.

"ಅಪ್ಪಾ." ಕೆಮ್ಮು. "ಕರಿ ನೆಲದಲ್ಲಿದೀನಿ. ಹುಬ್ಬು ಸುಟ್ಕೊಂಡೆ. ಪೈಪು ಅಲ್ಲೇ ಹೋಯ್ತು, ಬೈಬೇಡ."

"ಬೈಯಲ್ಲ," ಎಂದ ಲೀಲ್ಯಾಂಡ್.

ಅಷ್ಟು ಹೇಳಿ ಅವನು ಹೆಬ್ಬೆಟ್ಟನ್ನು ರೇಡಿಯೋದ ಮಾತಿನ ಗುಂಡಿಯಿಂದ ತೆಗೆಯಲಿಲ್ಲ. ಒತ್ತಿದ್ದು ಒತ್ತಿದ ಹಾಗೇ ಉಳಿಯಿತು, ಆ ಗಾಡಿಯೊಳಗಿನದೆಲ್ಲ ಗಾಳಿಯಲ್ಲಿ ತೇಲಿ ಆರ್ಡಿತಳ ಅಡುಗೆಮನೆಗೆ ಬಂತು. ಹೆಂಡತಿಯ ಮಣ್ಣಿನ ದಿನವೂ ಹಲ್ಲು ಕಚ್ಚಿ ನಿಂತಿದ್ದ ಮನುಷ್ಯ ಬಿಕ್ಕಿ ಬಿಕ್ಕಿ ಅಳುತ್ತಿದ್ದ. "ಇರ್ಮಾ," ಎನ್ನುತ್ತಿದ್ದ. "ಉಳ್ಕೊಂಡ್ಳು ಕಣೇ. ಈ ಸಲ ಹೊತ್ತಿಗೆ ಸರಿಯಾಗಿ ಗೊತ್ತಾಯ್ತು ಕಣೇ ನಂಗೆ, ಇರ್ಮಾ..."

ಫೋನು ಬಡಿದುಕೊಂಡಿತು.

"ಆರ್ಡಿತ್!" ಲವೋನ್ ಬಹುತೇಕ ಕೂಗಿದಳು. "ಏನಾಯ್ತೇ? ಇಲ್ಲಿ ಎಲ್ರೂ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದಾರೆ. ಆ ಮನುಷ್ಯ ಗಾಡಿ ಗಾಜು ಏರಿಸ್ಕೊಂಡು ಕೂತಿದಾನೆ, ಒಂದೂ ತಿಳೀತಿಲ್ಲ. ರಿಸೀವರು ಪೆಟ್ಟಿಗೆಗೆ ಹಿಡಿಯೇ, ನಾವೂ ಕೇಳ್ತೀವಿ!"

ಆರ್ಡಿತ್ ರಿಸೀವರನ್ನು ಎದೆಗೆ ಒತ್ತಿ ಹಿಡಿದಳು. ಇನ್ನೊಂದು ಕೈ ಚಾಚಿ, ಹಿಟ್ಟು ಮೆತ್ತಿದ ಬೆರಳಿನಿಂದ, ಸ್ಕ್ಯಾನರಿನ ತಿರುಪನ್ನು ಕಟ್ ಎನ್ನುವವರೆಗೆ ತಿರುಗಿಸಿದಳು. ಅದರ ಕೆಂಪು ದೀಪ ಆರಿತು.

"ಮಾರ್ನಿ ಸುಟ್ಟ ನೆಲ ಸೇರಿದಾಳೆ. ಚೆನ್ನಾಗಿದಾಳೆ."

ಅತ್ತಲಿಂದ ಹೋ ಎಂಬ ಕೂಗು, ಮೇಜು ಗುದ್ದುವ ಸದ್ದು. ಅದರ ನಡುವೆ ಲವೋನ್: "ಲೀಲ್ಯಾಂಡ್ ಏನಂದ? ಅದನ್ನ ಹೇಳೇ, ಏನಂದ?"

"ಅದು ಕೇಳಿಸ್ಲಿಲ್ಲ," ಎಂದು ಆರ್ಡಿತ್ ಫೋನಿಟ್ಟಳು.