ಚನ್ನಬಸಯ್ಯನವರ ಮರದ ಬಟ್ಟಲು

ನಮ್ಮ ಕನ್ನಡ ಸಂಘದವರಿಗೆ ನಾಟಕ ಬೇಡ, ಫೋಟೋ ಬೇಕು. ಚನ್ನಬಸಯ್ಯನವರಿಗೆ ಇದನ್ನು ನಾನು ಮೊದಲೇ ಹೇಳಿದ್ದೆ. ಕೇಳಬೇಕಲ್ಲ!

ಅವರು ಹುಬ್ಬಳ್ಳಿ ಕಡೆಯ ಜಂಗಮರು. ಕೆನಡಾದ ಬ್ರ್ಯಾಂಪ್ಟನ್‌ನಲ್ಲಿ ಮನೆ, ವಯಸ್ಸಾದವರನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನು ಓಡಿಸುವ ಕೆಲಸ, ತಲೆತುಂಬ ನಾಟಕದ ಹುಚ್ಚು. ಜಾರ್ಜ್‌ಟೌನ್‌ನ ಡಚ್ ಮುದುಕರೊಬ್ಬರು ವ್ಯಾನಿನಲ್ಲಿ ಕೂತು ತಮ್ಮ ದೇಶದ ಕಥೆ ಹೇಳಿದ್ದರಂತೆ. ಸ್ಪೇನಿನ ದೊರೆ ಅವರ ನಾಡನ್ನು ಆಳುತ್ತಿದ್ದ ಕಾಲ. ಧರ್ಮದ ಹೆಸರಿನಲ್ಲಿ ಜನರನ್ನು ಸುಡಬೇಡಿ ಎಂದು ಅಲ್ಲಿಯ ಸರದಾರರು ಅರ್ಜಿ ಹಿಡಿದು ಅರಮನೆಗೆ ಹೋದರು. "ಈ ತಿರುಕರಿಗೆ ಹೆದರುವುದೇ?" ಎಂದನೊಬ್ಬ ಮಂತ್ರಿ. ಸರದಾರರು ಬೈಗುಳವನ್ನೇ ಬಿರುದು ಮಾಡಿಕೊಂಡರು. ರೇಷ್ಮೆ ಕಳಚಿ ಬೂದು ಬಟ್ಟೆ ತೊಟ್ಟು, ಸೊಂಟಕ್ಕೆ ಭಿಕ್ಷೆಯ ಮರದ ಬಟ್ಟಲು ಕಟ್ಟಿಕೊಂಡು ಊರೆಲ್ಲ ತಿರುಗಿದರು.

ಚನ್ನಬಸಯ್ಯನವರ ಅಜ್ಜ ಜೋಳಿಗೆ ಹಿಡಿದು ಮನೆಮನೆಗೆ ಹೋಗುತ್ತಿದ್ದವರು. ಜೋಳಿಗೆ ಕಂಡರೆ ಜನ ಕಾಲಿಗೆರಗುತ್ತಿದ್ದರು.

"ಬೇಡೂದು ಸಣ್ಣತನ ಅಲ್ರೀ. ಇದೊಂದು ಸೀನ್ ನೋಡಿದ್ರ ನಮ್ಮ ಮಂದಿಗೆ ತಿಳೀತದ," ಎಂದು ಚನ್ನಬಸಯ್ಯ ನಾಟಕ ಬರೆದೇಬಿಟ್ಟರು. ಸೆಕೆಂಡ್‌ಹ್ಯಾಂಡ್ ಅಂಗಡಿಗಳನ್ನು ಸುತ್ತಿ ಮರದ ಬಟ್ಟಲುಗಳನ್ನು ಕೂಡಿಹಾಕಿದರು. ಅವರ ಹೆಂಡತಿ ಹಳೆಯ ಬೆಡ್‌ಶೀಟುಗಳಲ್ಲಿ ಬೂದು ಅಂಗಿ ಹೊಲಿದರು.

ಮುಖ್ಯ ಸರದಾರ ಮಿಸಿಸಾಗದ ಹರ್ಷವರ್ಧನ್, ಸಾಫ್ಟ್‌ವೇರ್ ಮ್ಯಾನೇಜರ್. ತಾಲೀಮಿನಲ್ಲೇ ರಾಗ ಎಳೆದ. "ಸರ್, ನಮ್ಮತ್ತೆ ಮಾವ ಮೈಸೂರಿಂದ ಲೈವ್ ನೋಡ್ತಾರೆ. ಅಳಿಯ ಕೆನಡಾಗೆ ಹೋಗಿ ಭಿಕ್ಷೆ ಬೇಡ್ತಿದಾನೆ ಅಂದ್ಕೊಳಲ್ವಾ? ನಾವು ನೋಬಲ್ಸು, ಸ್ವಲ್ಪ ಗ್ರ್ಯಾಂಡಾಗಿರ್ಲಿ."

"ತಮ್ಮಾ, ಆ ಬಟ್ಟಲಿಲ್ಲಂದ್ರ ನಾಟಕನ ಇಲ್ಲ."

"ಶ್ಯೂರ್ ಸರ್, ಅವತ್ತು ಹಿಡ್ಕೋತೀವಿ."

ರಾಜ್ಯೋತ್ಸವದ ದಿನ ನೋಡಿದರೆ ಸರದಾರರೆಲ್ಲ ತಮ್ಮ ತಮ್ಮ ಮದುವೆಯ ಶೇರ್ವಾನಿ ತೊಟ್ಟು ಬಂದಿದ್ದಾರೆ! ಒಬ್ಬನಂತೂ ಮೈಸೂರು ಪೇಟ ಬೇರೆ ಇಟ್ಟಿದ್ದ. ಬೂದು ಅಂಗಿಗಳನ್ನು ಯಾರೂ ಮುಟ್ಟಲಿಲ್ಲ. ಪರದೆಯ ಹಿಂದೆ ಮಾತು ಹೇಳಿಕೊಡುವವನು ನಾನು. ನಾಲಿಗೆ ತುದಿಗೆ ಬಂದ ಬೈಗುಳಗಳನ್ನು ಹೇಗೆ ನುಂಗಿದೆನೋ ನನಗೇ ಗೊತ್ತು. ಮಂತ್ರಿ "ಈ ತಿರುಕರಿಗೆ" ಎಂದೊಡನೆ ಸಭೆ ಗೊಳ್ಳೆಂದು ನಕ್ಕಿತು. ರೇಷ್ಮೆ ಕಳಚಿ ಬಟ್ಟಲು ಹಿಡಿಯಬೇಕಾದ ಗಳಿಗೆಯಲ್ಲಿ ಹರ್ಷವರ್ಧನ್, "ಹೌದು, ನಾವು ತಿರುಕರೇ!" ಎಂದು ಕ್ಯಾಮೆರಾಕ್ಕೆ ಕೈಬೀಸಿದ. ಸಿಳ್ಳೆಯೋ ಸಿಳ್ಳೆ. ಚನ್ನಬಸಯ್ಯ ರಂಗದ ಪಕ್ಕದಲ್ಲಿ ಬಟ್ಟಲು ಚಾಚಿ ನಿಂತೇ ಇದ್ದರು. ತೆಗೆದುಕೊಳ್ಳಲು ಯಾರೂ ಬರಲಿಲ್ಲ.

ಸಂಘದ ಅಧ್ಯಕ್ಷೆ ಶ್ರೀವಿದ್ಯಾ ಮೈಕು ಹಿಡಿದು, "ಕಾಸ್ಟ್ಯೂಮ್ಸ್ ಸೂಪರ್! ಮುಂದಿನ ವರ್ಷ ಇದ್ರಲ್ಲೇ ಕೃಷ್ಣದೇವರಾಯ ಮಾಡ್ಬೋದು," ಎಂದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ದಿನದ ತಾಲೀಮು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಊಟಕ್ಕೆ ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದು ತಟ್ಟೆಗಳು ಮುಗಿದವು. ಯಾರೋ ನಮ್ಮ ಬಟ್ಟಲುಗಳ ಪೆಟ್ಟಿಗೆ ತಂದು ತೊಳೆದಿಟ್ಟರು. ನಾನು ಹೋಗಿ ನೋಡುತ್ತೇನೆ, ಬಿಸಿಬೇಳೆಬಾತಿನ ಪಾತ್ರೆಯ ಮುಂದೆ ಜರಿ ಶೇರ್ವಾನಿಯ ಹರ್ಷವರ್ಧನ್ ಮರದ ಬಟ್ಟಲು ಚಾಚಿ ನಿಂತಿದ್ದಾನೆ. "ಅಕ್ಕಾ, ಇನ್ನೊಂಚೂರು ಹಾಕಿ." ಅವನ ಹಿಂದೆ ಸಾಲಾಗಿ ಸರದಾರರು, ಎಲ್ಲರ ಕೈಯಲ್ಲೂ ಬಟ್ಟಲು.

ಚನ್ನಬಸಯ್ಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಫೋಟೋ ತೆಗೆದು ಅವನ ಮಾವನಿಗೇ ಕಳಿಸಲೇನ್ರೀ?" ಎಂದು ನಾನು ಫೋನು ಹೊರತೆಗೆದೆ.

"ಬ್ಯಾಡ್ರೀ," ಎಂದು ನನ್ನ ಕೈ ತಗ್ಗಿಸಿದರು. "ಹಸ್ದಾರ. ಉಣ್ಲಿ."

ಆಮೇಲೆ ಉಳಿದಿದ್ದ ಒಂದು ಬಟ್ಟಲು ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತರು.